ಹರಳೆಣ್ಣೆಗೆ ಒಂದು ಕೈ ಹೆಚ್ಚು

ಮುಖಕ್ಕೆ ಹಚ್ಚುವ ಕ್ರೀಮು, ಗುಲಾಬಿ ಪರಿಮಳದ ಲೋಷನ್ನು, ಮೊಡವೆಗೆಂದು ತಂದ ಜೆಲ್ಲು – ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ಪೇಟೆಯಲ್ಲಿ ಅಪರೂಪ, ಹಳ್ಳಿಯಲ್ಲೂ ಈಗ ಕಡಿಮೆಯೇ. ಆ ಡಬ್ಬಿಯನ್ನು ತಿರುಗಿಸಿ ಅದರ ಬೆನ್ನ ಮೇಲೆ ಇರುವೆ ಸಾಲಿನಂತೆ ಅಚ್ಚು ಹಾಕಿರುವ ಅಕ್ಷರಗಳನ್ನು ಒಮ್ಮೆ ಓದಿ ನೋಡಿ. ಕನ್ನಡಕವಿದ್ದವರು ಹಾಕಿಕೊಳ್ಳಿ, ಕಣ್ಣು ಹಿಡಿಯದವರು ಮಕ್ಕಳ ಕೈಲಿ ಓದಿಸಿ. ಮೊದಲು ನೀರು, ಆಮೇಲೆ ಗ್ಲಿಸರಿನ್, ಹೀಗೆ ಹೋಗುತ್ತಾ ಪಟ್ಟಿಯ ನಡುವಿನಲ್ಲೋ ಕೊನೆಯಲ್ಲೋ ‘ಪೆಗ್-40 ಹೈಡ್ರೋಜನೇಟೆಡ್ ಕ್ಯಾಸ್ಟರ್ ಆಯಿಲ್’ ಎಂಬ ಉದ್ದನೆಯ ಹೆಸರೊಂದು ಎದುರಾಗುವ ಸಂಭವ ಸಾಕಷ್ಟಿದೆ. ಅದಿಲ್ಲದಿದ್ದರೆ ಮೊದಲ ಪದವನ್ನು ಬಿಟ್ಟ ಬರಿಯ ‘ಹೈಡ್ರೋಜನೇಟೆಡ್ ಕ್ಯಾಸ್ಟರ್ ಆಯಿಲ್’ ತುಟಿಬಣ್ಣದ ಕಡ್ಡಿಯ ಮೇಲಾದರೂ ಸಿಕ್ಕೀತು.

ಹತ್ತನೆಯ ತರಗತಿಗೆ ಇಂಗಾಲದ ಸಂಯುಕ್ತಗಳ ಪಾಠ ಮಾಡುವಾಗ ಇಂಥದೊಂದು ಸೀಸೆಯನ್ನು ಮೇಜಿನ ಮೇಲಿಟ್ಟು ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಇದು ನ್ಯಾಚುರಲ್ಲೋ ಕೆಮಿಕಲ್ಲೋ?’ ಅದೇ ತಿಂಗಳ ಪೋಷಕರ ಸಭೆಯಲ್ಲಿ ತಂದೆಯೊಬ್ಬರದೂ ಅದೇ ಪ್ರಶ್ನೆ. ಮಗಳ ಮೊಡವೆಗೆ ‘ಕೆಮಿಕಲ್ ಇಲ್ಲದ’ ಕ್ರೀಮನ್ನು ಎರಡು ಪಟ್ಟು ಬೆಲೆ ಕೊಟ್ಟು ತಂದಿದ್ದರಂತೆ. ಈ ಪ್ರಶ್ನೆಯೇ ಸರಿಯಾದುದಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಹಾಗೆಂದು ಹೇಳಿ ಸುಮ್ಮನಾದರೆ ಮೇಷ್ಟರು ತಪ್ಪಿಸಿಕೊಂಡರು ಎಂದುಕೊಳ್ಳುತ್ತಾರೆ. ಆದ್ದರಿಂದ ಆ ಉದ್ದನೆಯ ಹೆಸರನ್ನು ಹಿಂದಿನಿಂದ ಮುಂದಕ್ಕೆ ಒಂದೊಂದೇ ಪದವಾಗಿ ಬಿಡಿಸೋಣ. ಕೊನೆಯಲ್ಲಿರುವ ‘ಕ್ಯಾಸ್ಟರ್ ಆಯಿಲ್’ ಬೇರೇನೂ ಅಲ್ಲ, ನಮ್ಮ ಹರಳೆಣ್ಣೆ.

ಅಕ್ಕಡಿ ಸಾಲಿನ ಗಿಡ

ಹಳೆಯ ಮೈಸೂರಿನ ಕಡೆ ಹರಳು, ಉತ್ತರ ಕರ್ನಾಟಕದಲ್ಲಿ ಔಡಲ, ಸಂಸ್ಕೃತದಲ್ಲಿ ಏರಂಡ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿಗಳ ಜೊತೆ ನಿಂತು, ಯಾರೂ ಹೆಚ್ಚು ಆರೈಕೆ ಮಾಡದಿದ್ದರೂ ಗೊಂಚಲು ಬಿಡುವ ಗಿಡ ಇದು. ಮರಗಳೇ ಇಲ್ಲದ ಊರಿನಲ್ಲಿ ಇದನ್ನೂ ಮರವೆಂದು ಕರೆಯುತ್ತಾರೆಂದು ಹಳಬರು ಹಾಸ್ಯ ಮಾಡುವುದುಂಟು. ಸಸ್ಯಶಾಸ್ತ್ರದ ಹೆಸರು ರಿಸಿನಸ್ ಕಮ್ಯೂನಿಸ್. ಲ್ಯಾಟಿನ್ನಿನಲ್ಲಿ ರಿಸಿನಸ್ ಎಂದರೆ ಉಣ್ಣೆಹುಳು. ದನದ ಮೈಗೆ ಕಚ್ಚಿಕೊಂಡು ರಕ್ತ ಹೀರಿ ಉಬ್ಬಿದ ಉಣ್ಣೆಯನ್ನೂ ಹರಳು ಬೀಜವನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಈ ಹೆಸರಿಟ್ಟವರ ಕಣ್ಣು ಎಷ್ಟು ಚುರುಕಾಗಿತ್ತೆಂದು ತಿಳಿಯುತ್ತದೆ.

ಗಿಡದ ತವರು ಪೂರ್ವ ಆಫ್ರಿಕಾ ಎಂದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಪ್ರಾಚೀನ ಈಜಿಪ್ಟಿನ ಗೋರಿಗಳಲ್ಲಿ ಇದರ ಬೀಜ ಸಿಕ್ಕಿದೆ. ಆದರೆ ಇಂದು ಇದರ ದೊಡ್ಡ ಒಕ್ಕಲು ಭಾರತವೇ. ಜಗತ್ತಿನಲ್ಲಿ ಬೆಳೆಯುವ ಹರಳಿನಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ನಮ್ಮದು, ಅದರಲ್ಲೂ ಸಿಂಹಪಾಲು ಗುಜರಾತಿನದು. ಅಲ್ಲಿ 1968ರಲ್ಲಿ ಬಿಡುಗಡೆಯಾದ ಜಿಸಿಎಚ್-3 ಎಂಬ ಮಿಶ್ರತಳಿ ಹರಳಿನ ಬೇಸಾಯದ ಲೆಕ್ಕವನ್ನೇ ಬದಲಿಸಿತು. ಪ್ಯಾರಿಸ್ಸಿನ ಅಂಗಡಿಯಲ್ಲಿ ಮಾರುವ ತುಟಿಬಣ್ಣದಲ್ಲೂ ಮೆಹಸಾಣಾ, ಬನಾಸ್‌ಕಾಂಠಾ ಕಡೆಯ ರೈತರ ಬೆವರು ಇರಬಹುದು.

ನಮ್ಮ ಮನೆಗಳಲ್ಲಿ ಹರಳೆಣ್ಣೆ ತೆಗೆಯುತ್ತಿದ್ದ ಕ್ರಮ ನೆನಪಿದೆಯೆ? ಬೀಜವನ್ನು ಹುರಿದು, ಒರಳಲ್ಲಿ ಕುಟ್ಟಿ, ಆ ಮುದ್ದೆಯನ್ನು ದೊಡ್ಡ ಪಾತ್ರೆಯ ನೀರಿಗೆ ಹಾಕಿ ಗಂಟೆಗಟ್ಟಲೆ ಕುದಿಸಬೇಕು. ಎಣ್ಣೆ ಮೇಲೆ ತೇಲಿ ಬರುತ್ತದೆ. ಅದನ್ನು ಹುಟ್ಟಿನಲ್ಲಿ ತೆಗೆದು ಮತ್ತೆ ಕಾಯಿಸಿ ನೀರಿನಂಶ ಹೋಗಲಾಡಿಸಬೇಕು. ತಲೆಗೆ, ಅಂಗಾಲಿಗೆ, ದೀಪಕ್ಕೆ, ಗಾಡಿಯ ಅಚ್ಚಿಗೆ ಎಲ್ಲಕ್ಕೂ ಇದೇ. ಹೊಟ್ಟೆ ಕಟ್ಟಿದ ಮಕ್ಕಳ ಮೂಗು ಹಿಡಿದು ಕುಡಿಸುತ್ತಿದ್ದುದೂ ಇದನ್ನೇ. ‘ಹರಳೆಣ್ಣೆ ಕುಡಿದ ಮುಖ’ ಎಂಬ ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ!

ಅಷ್ಟು ಹೊತ್ತು ಕುದಿಸುವುದು ಎಣ್ಣೆ ಬಿಡಿಸಲಿಕ್ಕೆಂದು ಅಜ್ಜಿಯರು ತಿಳಿದಿದ್ದರು. ಅದರ ಜೊತೆಗೆ ಇನ್ನೂ ದೊಡ್ಡ ಕೆಲಸವೊಂದು ಆ ಪಾತ್ರೆಯಲ್ಲಿ ನಡೆಯುತ್ತಿತ್ತು.

ಬೀಜದೊಳಗಿನ ಯಮ

ಹಸಿ ಹರಳು ಬೀಜದಲ್ಲಿ ರೈಸಿನ್ ಎಂಬ ಪ್ರೋಟೀನು ಇದೆ. 1888ರಲ್ಲಿ ಹರ್ಮನ್ ಸ್ಟಿಲ್‌ಮಾರ್ಕ್ ಎಂಬ ಸಂಶೋಧಕ ಇದನ್ನು ಬೇರ್ಪಡಿಸಿ ಹೆಸರಿಟ್ಟ. ನಮ್ಮ ಜೀವಕೋಶಗಳಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮ್ ಎಂಬ ಪುಟ್ಟ ಕಾರ್ಖಾನೆಗಳಿವೆಯಲ್ಲ, ರೈಸಿನ್ ಅವುಗಳ ಒಂದು ಮುಖ್ಯ ಕೀಲನ್ನು ಕಿತ್ತುಹಾಕುತ್ತದೆ. ಒಂದು ಅಣು ಒಂದು ರೈಬೋಸೋಮನ್ನು ಕೆಡಿಸಿ ಸುಮ್ಮನಾಗುವುದಿಲ್ಲ, ಮುಂದಿನದಕ್ಕೆ ಹೋಗುತ್ತದೆ, ಅಲ್ಲಿಂದ ಅದರ ಮುಂದಿನದಕ್ಕೆ. ಸಸ್ಯಲೋಕದ ಅತಿ ಭಯಂಕರ ವಿಷಗಳಲ್ಲಿ ಇದೂ ಒಂದು. 1978ರಲ್ಲಿ ಬಲ್ಗೇರಿಯದ ಬರಹಗಾರ ಗಿಯೋರ್ಗಿ ಮಾರ್ಕೋವ್ ಲಂಡನ್ನಿನ ವಾಟರ್‌ಲೂ ಸೇತುವೆಯ ಬಳಿ ಬಸ್ಸಿಗೆ ಕಾಯುತ್ತಿದ್ದಾಗ ತೊಡೆಗೆ ಏನೋ ಚುಚ್ಚಿದಂತಾಯಿತು. ನಾಲ್ಕು ದಿನಗಳಲ್ಲಿ ಆತ ತೀರಿಕೊಂಡ. ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಲೋಹದ ಗುಂಡೊಂದು ಅವನ ತೊಡೆಯಲ್ಲಿ ಸಿಕ್ಕಿತು. ಅದರಲ್ಲಿದ್ದುದು ರೈಸಿನ್ ಎಂದು ತನಿಖೆ ಮಾಡಿದವರು ತೀರ್ಮಾನಿಸಿದರು.

ಹಾಗಾದರೆ ಹರಳೆಣ್ಣೆ ಕುಡಿದ ನಾವೆಲ್ಲ ಹೇಗೆ ಉಳಿದೆವು? ರೈಸಿನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಗಾಣದಲ್ಲಿ ಎಣ್ಣೆ ಹಿಂಡಿದಾಗ ವಿಷ ಹಿಂಡಿಯಲ್ಲಿಯೇ ಉಳಿಯುತ್ತದೆ. ಮೇಲಾಗಿ ಅದು ಪ್ರೋಟೀನು. ಮೊಟ್ಟೆಯ ಬಿಳಿ ಭಾಗ ಬಿಸಿಗೆ ಗಟ್ಟಿಯಾಗಿ ಮೊದಲಿನ ಸ್ವಭಾವ ಕಳೆದುಕೊಳ್ಳುವಂತೆ ಕುದಿಯುವ ನೀರಿನಲ್ಲಿ ಇದೂ ಕೆಡುತ್ತದೆ. ಅಜ್ಜಿಯ ಪಾತ್ರೆಯಲ್ಲಿ ನಡೆಯುತ್ತಿದ್ದ ದೊಡ್ಡ ಕೆಲಸ ಇದು.

ಅಪಾಯ ನುಂಗುವುದರಿಂದ ಮಾತ್ರ ಅಲ್ಲ. ಅಮೆರಿಕದ ಓಹಾಯೋ ರಾಜ್ಯದ ಟೊಲಿಡೊ ನಗರದಲ್ಲಿ ಹರಳೆಣ್ಣೆ ಗಿರಣಿಯೊಂದರ ಸುತ್ತಮುತ್ತ ವಾಸಿಸುವವರಿಗೆ ಉಬ್ಬಸ ಕಾಣಿಸಿಕೊಳ್ಳುತ್ತಿತ್ತು. ಗಾಳಿಯಲ್ಲಿ ತೇಲಿಬರುತ್ತಿದ್ದ ಹಿಂಡಿಯ ದೂಳೇ ಕಾರಣವೆಂದು ವೈದ್ಯರು 1928ರಲ್ಲಿ ವರದಿ ಮಾಡಿದರು. ಅದಕ್ಕೆ ಕಾರಣ ಬೀಜದಲ್ಲಿರುವ ಅಲರ್ಜಿಕಾರಕ ಪ್ರೋಟೀನುಗಳು. ನಮ್ಮಲ್ಲಿ ಹೂಕುಂಡಗಳಿಗೆ ಹರಳು ಹಿಂಡಿಯನ್ನು ಗೊಬ್ಬರವಾಗಿ ಹಾಕುವವರಿದ್ದಾರೆ, ಒಳ್ಳೆಯ ಗೊಬ್ಬರವೇ. ಆದರೆ ಮನೆಯಲ್ಲಿ ನಾಯಿ ಇದ್ದರೆ ಜೋಪಾನ, ಅದರ ವಾಸನೆಗೆ ನಾಯಿಗಳು ಬಾಯಿ ಹಾಕುತ್ತವೆ. ಇನ್ನು ಚಿಕ್ಕ ಮಕ್ಕಳು ಚುಕ್ಕೆಚುಕ್ಕೆಯ ಆ ಅಂದದ ಬೀಜವನ್ನು ಅಗಿದರೆ, ವಾಂತಿಭೇದಿ ಶುರುವಾಗಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಲಕ್ಷಣಗಳು ಕಾಣಿಸಿಕೊಳ್ಳಲು ಕೆಲವು ಗಂಟೆಗಳೇ ಹಿಡಿಯಬಹುದು, ಮತ್ತು ಈ ವಿಷಕ್ಕೆ ಪ್ರತಿವಿಷ ಇಲ್ಲ.

‘ನ್ಯಾಚುರಲ್’ ಎಂಬ ಪದಕ್ಕೆ ಎರಡು ಪಟ್ಟು ಬೆಲೆ ಕೊಡುವವರು ಇಷ್ಟನ್ನು ಗಮನಿಸಬೇಕು: ಹರಳಿನ ವಿಷಯದಲ್ಲಿ ಅತ್ಯಂತ ಸಹಜವಾದ ವಸ್ತು ಆ ಹಸಿ ಬೀಜವೇ.

ಹೆಚ್ಚಿನ ಕೈ

ಈಗ ಎಣ್ಣೆಗೆ ಬರೋಣ. ಎಲ್ಲ ಅಡುಗೆ ಎಣ್ಣೆಗಳ ಅಣುವೂ ಮೂರು ಹಲ್ಲಿನ ಬಾಚಣಿಗೆಯ ಹಾಗೆ. ಹಿಡಿಕೆ ಗ್ಲಿಸರಾಲ್, ಹಲ್ಲುಗಳು ಉದ್ದನೆಯ ಮೇದಾಮ್ಲಗಳು. ಹರಳೆಣ್ಣೆಯ ಹಲ್ಲುಗಳಲ್ಲಿ ಶೇಕಡಾ 85ರಿಂದ 90ರಷ್ಟು ರಿಸಿನೋಲಿಯಿಕ್ ಆಮ್ಲ. ಇದರಲ್ಲಿ 18 ಇಂಗಾಲದ ಪರಮಾಣುಗಳ ಸರಪಳಿ, 9ನೆಯ ಇಂಗಾಲದ ಬಳಿ ಒಂದು ದ್ವಿಬಂಧ. ಇಷ್ಟು ಕಡಲೆಕಾಯಿ ಎಣ್ಣೆಯಲ್ಲೂ ಉಂಟು. ವಿಶೇಷವಿರುವುದು 12ನೆಯ ಇಂಗಾಲದಲ್ಲಿ. ಅಲ್ಲಿ ಒಂದು ಆಮ್ಲಜನಕ, ಒಂದು ಜಲಜನಕ ಸೇರಿದ ಹೈಡ್ರಾಕ್ಸಿಲ್ ಗುಂಪೊಂದು ಪಕ್ಕಕ್ಕೆ ಕೈ ಚಾಚಿಕೊಂಡಿದೆ. ಬೇರೆ ಅಡುಗೆ ಎಣ್ಣೆಗಳಿಗೆ ಈ ಕೈ ಇಲ್ಲ. ನೀರಿಗೂ ಮದ್ಯಸಾರಕ್ಕೂ ಇರುವುದು ಇಂಥದೇ ಗುಂಪು.

ಈ ಒಂದು ಕೈ ಏನೇನು ಮಾಡುತ್ತದೆ ನೋಡಿ. ಒಂದು ಅಣುವಿನ ಕೈ ಪಕ್ಕದ ಅಣುವನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಳ್ಳುತ್ತದೆ. ಜಾತ್ರೆಯಲ್ಲಿ ಕೈ ಕೈ ಹಿಡಿದು ನಡೆಯುವ ಗುಂಪು ಬೇಗ ಮುಂದೆ ಹೋಗದಲ್ಲವೆ? ಹಾಗೆಯೇ ಹರಳೆಣ್ಣೆ ನಿಧಾನವಾಗಿ ಸುರಿಯುತ್ತದೆ. ಅದರ ಸ್ನಿಗ್ಧತೆ ಕಡಲೆಕಾಯಿ ಎಣ್ಣೆಯದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನುಗಳಿಗೆ ಇದೇ ಕೀಲೆಣ್ಣೆಯಾಗಿತ್ತು. 1909ರಲ್ಲಿ ಬಂದ ಕ್ಯಾಸ್ಟ್ರಾಲ್ ಎಂಬ ಹೆಸರಿನಲ್ಲಿ ‘ಕ್ಯಾಸ್ಟರ್’ ಇನ್ನೂ ಉಳಿದಿದೆ.

ಬೇರೆ ಎಣ್ಣೆಗಳು ಮದ್ಯಸಾರದಲ್ಲಿ ಕರಗುವುದಿಲ್ಲ, ಇದು ಕರಗುತ್ತದೆ. ಕೈ ಕೈ ಪರಿಚಯ. ಹಳೆಯ ಕಾಲದ ತುಟಿಬಣ್ಣಗಳಲ್ಲಿ ಇಯೋಸಿನ್ ಜಾತಿಯ ಬಣ್ಣಗಳನ್ನು ಕರಗಿಸಲು ಹರಳೆಣ್ಣೆಯೇ ಬೇಕಾಗಿತ್ತು. ಅಂದಿನಿಂದ ಇಂದಿನವರೆಗೂ ಅದು ತುಟಿಬಣ್ಣ ಬಿಟ್ಟು ಹೋಗಿಲ್ಲ. ಭೇದಿಗೂ ಈ ಆಮ್ಲವೇ ಕಾರಣ. ಕರುಳಿನಲ್ಲಿ ಎಣ್ಣೆ ಒಡೆದು ರಿಸಿನೋಲಿಯಿಕ್ ಆಮ್ಲ ಬಿಡುಗಡೆಯಾಗುತ್ತದೆ, ಅದು ಕರುಳಿನ ಸ್ನಾಯುವಿನಲ್ಲಿರುವ ಇಪಿ-3 ಎಂಬ ಗ್ರಾಹಕವನ್ನು ತಟ್ಟಿ ಎಬ್ಬಿಸುತ್ತದೆ. ಜರ್ಮನಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ವಿಜ್ಞಾನಿಗಳು ಆ ಗ್ರಾಹಕವಿಲ್ಲದ ಇಲಿಗಳಿಗೆ ಹರಳೆಣ್ಣೆ ಕೊಟ್ಟು, ಅವಕ್ಕೆ ಏನೂ ಆಗದ್ದನ್ನು ಕಂಡು ಇದನ್ನು ಖಚಿತಪಡಿಸಿಕೊಂಡದ್ದು 2012ರಲ್ಲಿ. ಸಾವಿರಾರು ವರ್ಷ ಕುಡಿದ ಔಷಧದ ಗುಟ್ಟು ತಿಳಿದದ್ದು ಮೊನ್ನೆ ಮೊನ್ನೆ!

ಎಲ್ಲಕ್ಕಿಂತ ಮುಖ್ಯವಾಗಿ, ಕೈ ಇದ್ದರೆ ಅದಕ್ಕೆ ಏನನ್ನಾದರೂ ಹಿಡಿಸಬಹುದು. ರಸಾಯನಶಾಸ್ತ್ರಜ್ಞರು ಹರಳೆಣ್ಣೆಯ ಬೆನ್ನು ಹತ್ತಿದ್ದು ಅದಕ್ಕಾಗಿ. 1870ರ ದಶಕದಲ್ಲಿ ಯೂರೋಪಿನ ಬಣ್ಣಗಾರರು ಹರಳೆಣ್ಣೆಗೆ ಗಂಧಕಾಮ್ಲವನ್ನು ತಣ್ಣಗೆ ಬೆರೆಸಿ, ತೊಳೆದು, ಕ್ಷಾರದಿಂದ ಶಮನಗೊಳಿಸಿ, ನೀರಿನಲ್ಲಿ ಬೆರೆಯುವ ಎಣ್ಣೆಯೊಂದನ್ನು ಪಡೆದರು. ಅಲಿಜಾರಿನ್ ಎಂಬ ಕೆಂಪು ಬಣ್ಣವನ್ನು ಹತ್ತಿ ಬಟ್ಟೆಗೆ ಹಿಡಿಸಲು ಬಳಸಿದ್ದರಿಂದ ಅದಕ್ಕೆ ಟರ್ಕಿ ರೆಡ್ ಆಯಿಲ್ ಎಂದು ಹೆಸರು ಬಂತು. ಸಾಬೂನಿನ ನಂತರ ಮನುಷ್ಯ ತಯಾರಿಸಿದ ಮೊದಲ ಮಾರ್ಜಕ ಇದೇ ಎಂದು ಹೇಳುತ್ತಾರೆ. ಸ್ನಾನದ ನೀರಿಗೆ ಬೆರೆಸುವ ಎಣ್ಣೆಗಳಲ್ಲಿ ಈಗಲೂ ಇದು ಬಳಕೆಯಲ್ಲಿದೆ.

ನೂರು ಕಿಲೋಗೆ ಆರು ನೂರೈವತ್ತು ಗ್ರಾಂ

ಡಬ್ಬಿಯ ಹೆಸರಿನ ನಡುವಿನ ಪದ ‘ಹೈಡ್ರೋಜನೇಟೆಡ್’. ವನಸ್ಪತಿ ಹೇಗೆ ತಯಾರಾಗುತ್ತದೆಂದು ಪಾಠದಲ್ಲಿ ಓದಿರುತ್ತೀರಿ. ನಿಕ್ಕಲ್ ಪುಡಿಯನ್ನು ಕ್ರಿಯಾವರ್ಧಕವಾಗಿ ಬಳಸಿ, ಬಿಸಿ ಎಣ್ಣೆಯೊಳಗೆ ಒತ್ತಡದಲ್ಲಿ ಜಲಜನಕ ಹಾಯಿಸಿದರೆ ದ್ವಿಬಂಧ ಏಕಬಂಧವಾಗುತ್ತದೆ. ಫ್ರಾನ್ಸಿನ ಪಾಲ್ ಸಬಾಟಿಯೆ ತೋರಿಸಿಕೊಟ್ಟ ದಾರಿ ಇದು. 1912ರ ನೊಬೆಲ್ ಪ್ರಶಸ್ತಿಯಲ್ಲಿ ಅವನಿಗೂ ಪಾಲು ಸಿಕ್ಕಿತು. ಎಣ್ಣೆಗೆ ಈ ಕ್ರಿಯೆಯನ್ನು ಒಗ್ಗಿಸಿ 1902ರಲ್ಲೇ ಪೇಟೆಂಟ್ ಪಡೆದವನು ಜರ್ಮನಿಯ ವಿಲ್‌ಹೆಲ್ಮ್ ನೋರ್ಮನ್. ಹರಳೆಣ್ಣೆಗೂ ಇದೇ ಸಂಸ್ಕಾರ.

ವಿದ್ಯಾರ್ಥಿಗಳು ಪೆನ್ಸಿಲು ತೆಗೆದುಕೊಳ್ಳಲಿ. ಹರಳೆಣ್ಣೆಯ ಮುಖ್ಯ ಅಣುವಿನಲ್ಲಿ 57 ಇಂಗಾಲ, 104 ಜಲಜನಕ, 9 ಆಮ್ಲಜನಕ. ಇಂಗಾಲಕ್ಕೆ 12, ಜಲಜನಕಕ್ಕೆ 1, ಆಮ್ಲಜನಕಕ್ಕೆ 16ರಂತೆ ಕೂಡಿದರೆ ಅಣುತೂಕ 932. ಮೂರು ಹಲ್ಲಿಗೆ ಮೂರು ದ್ವಿಬಂಧ, ಒಂದೊಂದಕ್ಕೆ ಎರಡು ಜಲಜನಕ, ಒಟ್ಟು ಆರು. ಹೊಸ ತೂಕ 938. ಅಂದರೆ ನೂರು ಕಿಲೋ ಎಣ್ಣೆಗೆ ಸೇರಿದ ಜಲಜನಕ ಸುಮಾರು 650 ಗ್ರಾಂ ಮಾತ್ರ. ಇಷ್ಟಕ್ಕೇ ಅಂಟಂಟಾದ ದ್ರವ ಹೋಗಿ ಬೆಳ್ಳಗೆ, ಗಡುಸಾಗಿ, ತಟ್ಟಿದರೆ ಒಡೆಯುವ ಮೇಣವಾಗುತ್ತದೆ. ಕರಗುವ ಬಿಂದು ಸುಮಾರು 85 ಡಿಗ್ರಿ ಸೆಲ್ಸಿಯಸ್.

ಏಕೆ ಹೀಗೆ? ದ್ವಿಬಂಧ ಇದ್ದಲ್ಲಿ ಸರಪಳಿ ಮೊಣಕೈಯಂತೆ ಬಾಗಿರುತ್ತದೆ. ಬಾಗಿದ ಕಡ್ಡಿಗಳನ್ನು ಹೊರೆ ಕಟ್ಟುವುದು ಕಷ್ಟ, ನೇರ ಕಡ್ಡಿಗಳು ಒತ್ತಾಗಿ ಕೂರುತ್ತವೆ. ಬೇರೆ ಎಣ್ಣೆಗಳಿಗೂ ಇದು ಸಲ್ಲುತ್ತದೆ. ಆದರೆ ಅವನ್ನು ಪೂರ್ತಿ ಗಟ್ಟಿಮಾಡಿದರೂ 70 ಡಿಗ್ರಿಯ ಆಸುಪಾಸಿನಲ್ಲಿ ಕರಗಿಬಿಡುತ್ತವೆ. ಹರಳಿನ ಮೇಣವನ್ನು ಅದರಾಚೆಗೂ ಹಿಡಿದು ನಿಲ್ಲಿಸುವುದು ಮತ್ತೆ ಆ 12ನೆಯ ಇಂಗಾಲದ ಕೈಯೇ. ಒತ್ತಾಗಿ ಕೂತ ಕಡ್ಡಿಗಳು ಕೈಯನ್ನೂ ಹಿಡಿದುಕೊಂಡರೆ ಬಿಡಿಸುವುದು ಸುಲಭವೆ? ಮೇ ತಿಂಗಳ ರಾಯಚೂರಿನಲ್ಲಿ ಕೈಚೀಲದೊಳಗಿನ ತುಟಿಬಣ್ಣದ ಕಡ್ಡಿ ಕರಗಿ ನೀರಾಗದೆ ನಿಲ್ಲುವುದರಲ್ಲಿ ಇಂಥ ಮೇಣಗಳ ಪಾಲಿದೆ. ಬೆವರುನಾಶಕ ಕಡ್ಡಿಗಳಿಗೂ ಮುಲಾಮುಗಳಿಗೂ ಗಟ್ಟಿತನ ಕೊಡಲು ಇದನ್ನು ಬೆರೆಸುತ್ತಾರೆ.

ವನಸ್ಪತಿ ಎಂದ ಕೂಡಲೇ ಹೃದಯಕ್ಕೆ ಕೆಟ್ಟದ್ದು ಎಂಬ ಮಾತು ನೆನಪಾಗಿ ಕೆಲವರು ಹೆದರುತ್ತಾರೆ. ಅಲ್ಲಿನ ತಕರಾರು ಅರೆಬರೆ ಜಲಜನಕ ಸೇರಿದಾಗ ಉಳಿಯುವ ಟ್ರಾನ್ಸ್ ಕೊಬ್ಬಿನದು, ಅದೂ ತಿನ್ನುವುದರಿಂದ. ಚರ್ಮದ ಮೇಲೆ ಹಚ್ಚುವ ಮೇಣಕ್ಕೆ ಆ ಆರೋಪವನ್ನು ಎಳೆದು ತರುವುದು ನ್ಯಾಯವಲ್ಲ.

ನಲವತ್ತರ ಲೆಕ್ಕ

ಉಳಿದದ್ದು ‘ಪೆಗ್-40’. ಪೆಗ್ ಎಂಬುದು ಪಾಲಿಎಥಿಲೀನ್ ಗ್ಲೈಕಾಲ್ ಎಂಬುದರ ಗಿಡ್ಡ ಹೆಸರು (ಬೇರೆ ಪೆಗ್ಗಿಗೂ ಇದಕ್ಕೂ ಸಂಬಂಧವಿಲ್ಲ). ಮೇಣವಾದ ಹರಳೆಣ್ಣೆಗೆ ಎಥಿಲೀನ್ ಆಕ್ಸೈಡ್ ಅನಿಲವನ್ನು ಮುಚ್ಚಿದ ಪಾತ್ರೆಯಲ್ಲಿ ಕ್ಷಾರದ ಸಮ್ಮುಖದಲ್ಲಿ ಸೇರಿಸುತ್ತಾರೆ. ಅದರ ತುಣುಕುಗಳು ಒಂದರ ಹಿಂದೊಂದು ಸೇರಿ ಬಾಲದಂತೆ ಬೆಳೆಯುತ್ತವೆ. ಒಂದು ಎಣ್ಣೆಯ ಅಣುವಿಗೆ ಸರಾಸರಿ 40 ತುಣುಕು, ಅದಕ್ಕೇ ಆ ಸಂಖ್ಯೆ. ಬಾಲದ ತುಂಬ ಆಮ್ಲಜನಕ. ಆದ್ದರಿಂದ ಬಾಲಕ್ಕೆ ನೀರಿನ ಮೇಲೆ ಮೋಹ. ಎಣ್ಣೆಯ ಹಲ್ಲುಗಳಿಗೆ ನೀರೆಂದರೆ ಆಗದು. ಒಂದೇ ಅಣುವಿನಲ್ಲಿ ಎರಡು ಸ್ವಭಾವ. ಏಳೇ ತುಣುಕು ಸೇರಿಸಿದರೆ ಎಣ್ಣೆಯ ಕಡೆಗೇ ವಾಲುವ ಪೆಗ್-7 ಆಗುತ್ತದೆ, ನಲವತ್ತಾದರೆ ನೀರಿನಲ್ಲಿ ಸಲೀಸಾಗಿ ಕರಗುತ್ತದೆ.

ಇದರ ಕೆಲಸವಾದರೂ ಏನು? ಗುಲಾಬಿ ಪರಿಮಳ ಎಂಬುದು ಎಣ್ಣೆ, ಲೋಷನ್ನಿನ ಬಹುಭಾಗ ನೀರು. ಎರಡೂ ಕೂಡುವುದಿಲ್ಲ. ಈ ಅಣುಗಳು ನೀರಿನಲ್ಲಿ ಗುಂಪು ಕೂಡಿ, ಹಲ್ಲುಗಳನ್ನು ಒಳಗೆ, ಬಾಲಗಳನ್ನು ಹೊರಗೆ ಮಾಡಿಕೊಂಡು ಪುಟ್ಟ ಚೆಂಡುಗಳಾಗುತ್ತವೆ. ಪರಿಮಳದ ಎಣ್ಣೆ ಚೆಂಡಿನೊಳಗೆ ಅಡಗಿ ಕೂರುತ್ತದೆ. ಒಂದೊಂದು ಚೆಂಡೂ ಮಿಲಿಮೀಟರಿನ ಲಕ್ಷದ ಒಂದು ಭಾಗದಷ್ಟು ಗಾತ್ರದ್ದು. ಬೆಳಕಿನ ತರಂಗದ ಉದ್ದವೋ ಮಿಲಿಮೀಟರಿನ ಹತ್ತು ಸಾವಿರದಲ್ಲಿ 4ರಿಂದ 7 ಭಾಗ. ತನಗಿಂತ ಅಷ್ಟು ಚಿಕ್ಕದಾದ ಚೆಂಡುಗಳನ್ನು ಬೆಳಕು ಲೆಕ್ಕಕ್ಕೇ ತೆಗೆದುಕೊಳ್ಳದೆ ಹಾದುಹೋಗುತ್ತದೆ, ಲೋಷನ್ನು ತಿಳಿನೀರಿನಂತೆ ಕಾಣುತ್ತದೆ. ಹಾಲಿನಲ್ಲಿರುವ ಕೊಬ್ಬಿನ ಹನಿಗಳು ಇದಕ್ಕಿಂತ ನೂರಾರು ಪಟ್ಟು ದೊಡ್ಡವು. ಅವು ಬೆಳಕನ್ನು ಚದರಿಸುವುದರಿಂದ ಹಾಲು ಬೆಳ್ಳಗೆ.

ಇದು ಚರ್ಮಕ್ಕೆ ಆಹಾರವಲ್ಲ, ಮೊಡವೆಗೆ ಮದ್ದಲ್ಲ, ಬಣ್ಣ ತಿಳಿಯಾಗಿಸುವುದೂ ಇಲ್ಲ. ಮದುವೆ ಮನೆಯಲ್ಲಿ ಬೀಗರಿಬ್ಬರ ನಡುವೆ ಓಡಾಡುವ ದಲ್ಲಾಳಿಯ ಕೆಲಸ. ದಲ್ಲಾಳಿಯಿಲ್ಲದೆ ಮದುವೆ ನಡೆಯದಿರಬಹುದು, ಹಾಗೆಂದು ಅವನೇ ಮದುಮಗನಲ್ಲ.

ಈಗ ಇನ್ನೊಂದು ಲೆಕ್ಕ. ಎಥಿಲೀನ್ ಆಕ್ಸೈಡಿನ ಅಣುತೂಕ 44. ನಲವತ್ತು ತುಣುಕಿಗೆ 1760. ಎಣ್ಣೆಯ ಪಾಲು 938. ಒಟ್ಟು 2698ರಲ್ಲಿ ಹರಳು ಗಿಡದಿಂದ ಬಂದದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದ ಎರಡು ಪಾಲಿನ ಎಥಿಲೀನು ಸಾಮಾನ್ಯವಾಗಿ ಕಲ್ಲೆಣ್ಣೆ ಅಥವಾ ನೈಸರ್ಗಿಕ ಅನಿಲದಿಂದ ಬಂದದ್ದು (ಕಬ್ಬಿನ ಕಾಕಂಬಿಯ ಮದ್ಯಸಾರದಿಂದಲೂ ತಯಾರಿಸಬಹುದು, ನಮ್ಮ ದೇಶದಲ್ಲೂ ತಯಾರಿಸುತ್ತಾರೆ). ಹಾಗಿದ್ದೂ ಇದನ್ನು ‘ಸಸ್ಯಮೂಲ’ ಎಂದು ಕರೆದು ಜಾಹೀರಾತಿನಲ್ಲಿ ಹಸಿರು ಎಲೆಯ ಚಿತ್ರ ಹಾಕಿದರೆ, ಅದು ಸುಳ್ಳಲ್ಲದಿದ್ದರೂ ಸತ್ಯದ ಮೂರನೆಯ ಒಂದು ಭಾಗ. ಹುಡುಗಿಯ ಪ್ರಶ್ನೆಗೆ ಉತ್ತರ ಬೇಕೇ ಬೇಕೆಂದರೆ ಅದೇ: ಒಂದು ಪಾಲು ಗಿಡದ್ದು, ಎರಡು ಪಾಲು ಕಾರ್ಖಾನೆಯದು. ಆದರೆ ಈ ಉತ್ತರದಿಂದ ಅವಳ ಚರ್ಮಕ್ಕೆ ಒಳಿತೋ ಕೆಡುಕೋ ಎಂಬುದು ಸ್ವಲ್ಪವೂ ತಿಳಿಯುವುದಿಲ್ಲ.

ಕೆಡುಕಿನ ಮಾತು

ಅದನ್ನು ಬೇರೆಯಾಗಿಯೇ ವಿಚಾರಿಸಬೇಕು. ಎಥಿಲೀನ್ ಆಕ್ಸೈಡ್ ಕ್ಯಾನ್ಸರ್ ತರಬಲ್ಲ ಅನಿಲ, ಸಂದೇಹವಿಲ್ಲ. ಬಾಲದ ತುಣುಕಾದ ಮೇಲೆ ಅದು ಎಥಿಲೀನ್ ಆಕ್ಸೈಡ್ ಆಗಿ ಉಳಿಯುವುದಿಲ್ಲ. ಅಡುಗೆ ಉಪ್ಪಿನಲ್ಲಿ ಕ್ಲೋರಿನ್ ಅನಿಲ ಉಳಿಯದ ಹಾಗೆ. ಆದರೆ ಕ್ರಿಯೆಯಲ್ಲಿ ಡಯಾಕ್ಸೇನ್ ಎಂಬ ಅನಪೇಕ್ಷಿತ ವಸ್ತು ಒಂದಿಷ್ಟು ಹುಟ್ಟಬಹುದು. ಇದನ್ನು ಮನುಷ್ಯನಿಗೆ ಕ್ಯಾನ್ಸರ್ ತರುವ ಸಾಧ್ಯತೆಯಿರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. ಒಳ್ಳೆಯ ತಯಾರಕರು ನಿರ್ವಾತದಲ್ಲಿ ಕಾಯಿಸಿ ಅದನ್ನು ಹೊರಹಾಕುತ್ತಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯ 2022ರ ಕೊನೆಯಿಂದ ಸೌಂದರ್ಯವರ್ಧಕಗಳಲ್ಲಿ ಡಯಾಕ್ಸೇನ್ ಹತ್ತು ಲಕ್ಷದಲ್ಲಿ 10 ಭಾಗ ಮೀರಬಾರದೆಂದು ಕಾನೂನು ಮಾಡಿದೆ. ಆದ್ದರಿಂದ ಕೇಳಬೇಕಾದ್ದು ‘ಕೆಮಿಕಲ್ ಇದೆಯೆ’ ಎಂದಲ್ಲ, ‘ಚೆನ್ನಾಗಿ ಶುದ್ಧಿ ಮಾಡಿದ್ದಾರೆಯೆ’ ಎಂದು. ಹೆಸರು ವಿಳಾಸವಿಲ್ಲದ ಅಗ್ಗದ ಕ್ರೀಮುಗಳಿಗೆ ನಾನು ಹೆದರುವುದು ಇದಕ್ಕೆ.

ಬಳಸುವ ಜಾಗವೂ ಅಷ್ಟೇ ಮುಖ್ಯ. ಹರಳೆಣ್ಣೆಗೆ ಜಲಜನಕ ಸೇರಿಸದೆ ನೇರವಾಗಿ 35 ತುಣುಕಿನ ಬಾಲ ಹಚ್ಚಿದ ವಸ್ತುವೊಂದಿದೆ, ಪೆಗ್-40ಕ್ಕೆ ದಾಯಾದಿ. ಯೂ ಮರದ ತೊಗಟೆಯಲ್ಲಿ ಸಿಕ್ಕಿದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧ ನೀರಿನಲ್ಲಿ ಕರಗದು. ಅಮೆರಿಕದಲ್ಲಿ 1992ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಾಗ ಈ ದಾಯಾದಿಯನ್ನೂ ಮದ್ಯಸಾರವನ್ನೂ ಬೆರೆಸಿಯೇ ಔಷಧವನ್ನು ರಕ್ತನಾಳಕ್ಕೆ ಕೊಡುವಂತಾಯಿತು. ಕೆಲವು ರೋಗಿಗಳಿಗೆ ತೀವ್ರ ಅಲರ್ಜಿ, ಉಸಿರುಕಟ್ಟು ಕಾಣಿಸಿಕೊಂಡವು. ಅದರಲ್ಲಿ ಈ ಕರಗಿಸುವ ವಸ್ತುವಿನ ಪಾಲು ದೊಡ್ಡದು. ಅದಕ್ಕಾಗಿ ಮೊದಲೇ ಸ್ಟೆರಾಯ್ಡು, ಅಲರ್ಜಿ ನಿರೋಧಕ ಕೊಡುವ ಪದ್ಧತಿ ಬಂತು. ಆಲ್ಬುಮಿನ್ ಪ್ರೋಟೀನಿಗೆ ಔಷಧವನ್ನು ಅಂಟಿಸಿ ಹರಳೆಣ್ಣೆಯ ಹಂಗೇ ಇಲ್ಲದ ರೂಪ 2005ರಲ್ಲಿ ಬಂದಿತು. ಇತ್ತ ಅಂಗಾಂಗ ಕಸಿ ಮಾಡಿಸಿಕೊಂಡವರು ನುಂಗುವ ಸೈಕ್ಲೋಸ್ಪೋರಿನ್ ಗುಳಿಗೆಗಳಲ್ಲಿ ಕೆಲವದರಲ್ಲಿ ನಮ್ಮ ಪೆಗ್-40 ಹರಳೆಣ್ಣೆಯೇ ಇದೆ, ದಿನವೂ ನುಂಗುತ್ತಾರೆ. ರಕ್ತಕ್ಕೆ ಹೋದರೆ ಒಂದು ಕಥೆ, ಹೊಟ್ಟೆಗೆ ಒಂದು, ಗಾಯವಿಲ್ಲದ ಚರ್ಮದ ಮೇಲೆ ಇನ್ನೊಂದು. ಚರ್ಮದ ಮೇಲೆ ಈ ವಸ್ತುವಿನ ದಾಖಲೆ ಒಳ್ಳೆಯದಿದೆ. ತಮಾಷೆಯೆಂದರೆ, ಬದಲಾವಣೆಯಿಲ್ಲದ ಹರಳೆಣ್ಣೆಯೇ ತುಟಿಬಣ್ಣದ ಮೂಲಕ ಅಪರೂಪಕ್ಕೆ ಕೆಲವರ ತುಟಿಯನ್ನು ಕೆರಳಿಸಿದ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ.

ಪಟ್ಟಿ ಓದುವಾಗ ತಂದೆತಾಯಿಗಳಿಗೆ ಉಪಯೋಗವಾಗುವ ಮಾತೊಂದಿದೆ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಶೇಕಡಾ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಹೆಚ್ಚಿನಿಂದ ಕಡಿಮೆಯ ಕ್ರಮದಲ್ಲಿ ಬರೆಯಬೇಕು; 1 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಆಮೇಲೆ ಹೇಗೆ ಬೇಕಾದರೂ ಬರೆಯಬಹುದು. ಡಬ್ಬಿಯ ಮುಂದೆ ದೊಡ್ಡ ಅಕ್ಷರದಲ್ಲಿ ಕೇಸರಿಯೋ ಶ್ರೀಗಂಧವೋ ಇದ್ದು, ಬೆನ್ನ ಮೇಲೆ ಅದು ಸಂರಕ್ಷಕಗಳ ಪಕ್ಕದಲ್ಲೆಲ್ಲೋ ಕಟ್ಟಕಡೆಗೆ ಕಂಡರೆ, ಅದು ಹನಿಯಷ್ಟೇ ಇದೆಯೆಂದು ತಿಳಿದು ಬೆಲೆ ತೂಗಿ ನೋಡಿ. ಹೊಸ ಕ್ರೀಮನ್ನು ಮಕ್ಕಳು ಮುಖಕ್ಕೆ ಬಳಿಯುವ ಮೊದಲು ಮೊಣಕೈಯ ಒಳಮಡಿಕೆಗೆ ನಾಲ್ಕಾರು ದಿನ ಸ್ವಲ್ಪ ಸ್ವಲ್ಪ ಹಚ್ಚಿ, ಕೆಂಪಾಗುವುದೋ ತುರಿಸುವುದೋ ನೋಡಲಿ.

ಕಣ್ಣಾರೆ ನೋಡಬೇಕೆನ್ನುವ ವಿದ್ಯಾರ್ಥಿಗಳು ಶಾಲೆಯ ಪ್ರಯೋಗಾಲಯದಲ್ಲಿ, ಮೇಷ್ಟರ ಎದುರಿನಲ್ಲಿ, ಹತ್ತಿರ ದೀಪವಾಗಲೀ ಬರ್ನರ್ ಆಗಲೀ ಇಲ್ಲದಂತೆ ನೋಡಿಕೊಂಡು ಇದನ್ನು ಮಾಡಬಹುದು. ಎರಡು ಪ್ರನಾಳಗಳಿಗೆ ನೀರು ಬೆರೆಸದ ಎಥನಾಲ್ ಹಾಕಿ. ಒಂದಕ್ಕೆ ಕಡಲೆಕಾಯಿ ಎಣ್ಣೆಯ ನಾಲ್ಕು ಹನಿ, ಇನ್ನೊಂದಕ್ಕೆ ಹರಳೆಣ್ಣೆಯ ನಾಲ್ಕು ಹನಿ ಬಿಟ್ಟು ಕುಲುಕಿ. ಕಡಲೆಕಾಯಿ ಎಣ್ಣೆ ತಳಕ್ಕೆ ಇಳಿದು ಕೂರುತ್ತದೆ, ಹರಳೆಣ್ಣೆ ಕರಗಿ ಕಾಣದಾಗುತ್ತದೆ. ಈಗ ಹರಳೆಣ್ಣೆ ಕರಗಿರುವ ಪ್ರನಾಳಕ್ಕೆ ಸ್ವಲ್ಪ ಸ್ವಲ್ಪವಾಗಿ ನೀರು ಸೇರಿಸುತ್ತಾ ಹೋಗಿ. ತಿಳಿಯಾಗಿದ್ದ ದ್ರಾವಣ ಒಮ್ಮೆಲೇ ಹಾಲಿನಂತೆ ಬೆಳ್ಳಗಾಗುತ್ತದೆ. ಪಕ್ಕದಲ್ಲಿ ಆ ತಿಳಿ ಲೋಷನ್ನಿನ ಸೀಸೆಯನ್ನಿಟ್ಟು, ಬಹುಪಾಲು ನೀರೇ ಇರುವ ಅದರೊಳಗೆ ಪರಿಮಳದ ಎಣ್ಣೆ ಏಕೆ ಹಾಲಾಗಲಿಲ್ಲವೆಂದು ಅಕ್ಕಪಕ್ಕದವರಿಗೆ ವಿವರಿಸಲು ಪ್ರಯತ್ನಿಸಿ.